ಎರಡು ರೆಪ್ಪೆ ಹಿಂದಕ್ಕೆ

ಎಲ್ಲಕ್ಕಿಂತ ಮೊದಲು ಕೈಕೊಟ್ಟದ್ದು ಅಕ್ಕನ ಎಡಗೈಯ ಕಿರುಬೆರಳು. ಬೆರಳೇ ಕೈಕೊಡುವುದೆಂದರೆ ಕೇಳಿದವರಿಗೆ ನಗು ಬರಬೇಕು. ಅಕ್ಕನೂ ನಗುತ್ತಲೇ ಹೇಳಿದ್ದಳು.

"ಲೋ ಕಾಲುದಾರಿ, ಬಾರೋ ಇಲ್ಲಿ. ನಿನ್ನ ಎಡಿಟರ್‌ಗೆ ದುಡಿದೂ ದುಡಿದೂ ನನ್ನ ಕಿರುಬೆರಳು ಮುಷ್ಕರ ಹೂಡಿದೆ."

ಕಾಲುದಾರಿ ಎಂದರೆ ತಮ್ಮ. ಊಟಕ್ಕೆ ಕೂತರೂ ಶಾರ್ಟ್‌ಕಟ್, ಸ್ನಾನಕ್ಕೆ ಹೊರಟರೂ ಶಾರ್ಟ್‌ಕಟ್ ಎಂದು ಬಡಬಡಿಸುತ್ತಿದ್ದವನಿಗೆ ಅಕ್ಕ ಇಟ್ಟ ಹೆಸರು ಅದು. ಅವನ ಪ್ರಕಾರ ಲೋಕದಲ್ಲಿ ಎರಡೇ ಬಗೆಯ ಜನ. ಕೀಬೋರ್ಡಿನ ಕೀಲಿಗಳನ್ನು ಮಾಡಿದವನು ಇಟ್ಟ ಹಾಗೆಯೇ ಒತ್ತುತ್ತ ಸವೆಯುವವರು, ತಮಗೆ ಬೇಕಾದಂತೆ ತಿರುಗಿಸಿಕೊಂಡು ಬದುಕುವವರು. ಅವನು ಮೆಚ್ಚಿ ಅಕ್ಕನ ಕಂಪ್ಯೂಟರಿಗೆ ತಂದಿದ್ದ ಎಡಿಟರ್ ನೋಡುವುದಕ್ಕೆ ಅಕ್ಷರ ಬರೆಯುವ ಒಂದು ಬೋಳು ಕಿಟಕಿ, ಅಷ್ಟೆ. ಆದರೆ ಅದರ ಹೊಟ್ಟೆಯೊಳಗೆ ಎರಡು ಸಾಲು ಪ್ರೋಗ್ರಾಂ ಬರೆದಿಟ್ಟರೆ ಯಾವ ಕೀಲಿಯಿಂದ ಯಾವ ಕೆಲಸ ಬೇಕಾದರೂ ಮಾಡಿಸಬಹುದು.

"ಮನೇಲಿ ನನ್ನ ಮಾತು ಕೇಳೋದು ಅದೊಂದೇ," ಎನ್ನುತ್ತಿದ್ದ ತಮ್ಮ.

"ಅದಕ್ಕೆ ಬೇರೆ ಗತಿಯಿಲ್ಲ," ಎನ್ನುತ್ತಿದ್ದಳು ಅಕ್ಕ.

ಅಕ್ಕನ ಕೆಲಸ ಸಿನಿಮಾಗಳಿಗೆ, ಧಾರಾವಾಹಿಗಳಿಗೆ ಅಡಿಬರಹ ಕೂರಿಸುವುದು. ಕಿವಿ ಕೇಳಿಸದವರಿಗಾಗಿ ಪರದೆಯ ಕೆಳಗೆ ಮಾತುಗಳು ಮೂಡುತ್ತವಲ್ಲ, ಅದು. ಚಿತ್ರ ಓಡುತ್ತಿರುತ್ತದೆ, ಪಾತ್ರ ಬಾಯಿ ತೆರೆದ ಕ್ಷಣಕ್ಕೆ ಒಂದು ಶಾರ್ಟ್‌ಕಟ್ ಒತ್ತಬೇಕು, ಮುಚ್ಚಿದ ಕ್ಷಣಕ್ಕೆ ಇನ್ನೊಂದು. ಈ ಎರಡು ಒತ್ತುಗಳ ನಡುವೆ ಆ ಸಾಲು ಹೋಗಿ ಕೂರುತ್ತದೆ. ಬರೆಯುವುದನ್ನು ಯಾರಾದರೂ ಬರೆದಾರು, ಒತ್ತುವುದೇ ವಿದ್ಯೆ. ಅಕ್ಕ ಒತ್ತಿದರೆ ಮಾತು ತುಟಿಯಿಂದಲೇ ಕೆಳಗುದುರಿದಂತೆ ಇರುತ್ತಿತ್ತು. ಸ್ಟುಡಿಯೋದ ಮೇಲ್ವಿಚಾರಕಿ ಹೊಸಬರಿಗೆ ಅಕ್ಕನ ರೀಲುಗಳನ್ನೇ ತೋರಿಸಿ ಪಾಠ ಹೇಳುತ್ತಿದ್ದಳು.

ಈ ಕೆಲಸವನ್ನು ಅಕ್ಕ ಹಿಡಿದದ್ದು ಅಮ್ಮನಿಗಾಗಿ. ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿದ್ದ ಕಾಲಕ್ಕೇ ಒಂದು ಕೆಟ್ಟ ಜ್ವರ ಅಮ್ಮನ ಕಿವಿಗಳನ್ನು ಹೊತ್ತುಕೊಂಡು ಹೋಗಿತ್ತು. ಆಮೇಲಿನ ವರ್ಷಗಳಲ್ಲಿ ಮೂವರೂ ಟೀವಿಯ ಮುಂದೆ ಕೂರುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮ ಮಕ್ಕಳ ಮುಖ ನೋಡಿ, ಒಂದು ಗಳಿಗೆ ತಡವಾಗಿ, ತಾನೂ ನಗುತ್ತಿದ್ದಳು. ಆ ತಡವಾದ ನಗು ಅಕ್ಕನಿಗೆ ಕಣ್ಣಲ್ಲಿ ಕಸ ಬಿದ್ದ ಹಾಗೆ. "ಅಮ್ಮ ನಮ್ಮ ಜೊತೆಗೇ ನಗ್ಬೇಕು ಕಣೋ, ನಮ್ಮ ಹಿಂದೆ ಅಲ್ಲ," ಎಂದು ಅವಳು ಹೇಳಿದ್ದು ತಮ್ಮನಿಗೆ ಇವತ್ತಿಗೂ ನೆನಪಿದೆ. ಹೇಳಿದ್ದನ್ನು ಮಾಡಿಯೂ ತೋರಿಸಿದ್ದಳು. ಅಕ್ಕನ ಅಡಿಬರಹ ಇರುವ ಚಿತ್ರ ಬಂದಾಗ ಮನೆಯಲ್ಲಿ ನಗು ಒಂದೇ ಸಲ ಏಳುತ್ತಿತ್ತು.

ಕಿರುಬೆರಳಿನ ಮುಷ್ಕರ ಕೇಳಿ ತಮ್ಮನಿಗೆ, ಸುಳ್ಳೇಕೆ, ಒಳಗೊಳಗೇ ಖುಷಿಯೇ ಆಗಿತ್ತು. ಮಾಡುವುದಕ್ಕೊಂದು ಕೆಲಸ ಸಿಕ್ಕಿತಲ್ಲ! ಕಂಟ್ರೋಲ್ ಹಿಡಿದು, ಆಲ್ಟ್ ಹಿಡಿದು, ಮೂರನೆಯದನ್ನು ಒತ್ತುವ ಹಗ್ಗಜಗ್ಗಾಟವನ್ನೆಲ್ಲ ಕಿತ್ತು ಹಾಕಿದ. ಶುರುವಿಗೆ ಸ್ಪೇಸ್, ಮುಗಿಯುವುದಕ್ಕೆ ಜೆ, ಸಾಲು ಒಡೆಯುವುದಕ್ಕೆ ಕೆ, ಜೋಡಿಸುವುದಕ್ಕೆ ಎಲ್. ಒಂದು ಬೆರಳಿಗೆ ಒಂದು ಕೆಲಸ.

"ಹೆಂಗಿದೆ?"

"ರಾಜಬೀದಿ ಥರ ಇದೆಯಲ್ಲೋ! ಇಷ್ಟು ದಿನ ಯಾಕೆ ಮಾಡಿಕೊಡ್ಲಿಲ್ಲ?"

"ನೀನು ಕೇಳ್ಲಿಲ್ಲ. ಕೇಳದೆ ಕೊಟ್ಟ ಉಪದೇಶಕ್ಕೂ ಶಾರ್ಟ್‌ಕಟ್‌ಗೂ ಬೆಲೆ ಇಲ್ಲ."

ಆಮೇಲೆ ಉಂಗುರ ಬೆರಳು ಹೋಯಿತು. ತಮ್ಮ ಎಲ್ಲವನ್ನೂ ಬಲಗೈಗೆ ತಂದ. ಬಲಗೈಯ ನಡುಬೆರಳು ಸೋತಿತು. ಕೆ, ಎಲ್ ಎರಡನ್ನೂ ತೆಗೆದು, ಸ್ಪೇಸನ್ನು ಒಮ್ಮೆ ಒತ್ತಿದರೆ ಒಂದು, ಹಿಡಿದರೆ ಇನ್ನೊಂದು ಎಂದು ಮಾಡಿದ. ಪ್ರತಿಸಲವೂ ಅಕ್ಕ ಬೆನ್ನು ತಟ್ಟುತ್ತಿದ್ದಳು, ಅವನು ಉಬ್ಬುತ್ತಿದ್ದ. ತನ್ನ ಜಾಣತನಕ್ಕೆ ಜಾಗ ಸಿಗುತ್ತಿರುವುದು ಅಕ್ಕನ ಕೈ ಬಿಟ್ಟುಕೊಡುತ್ತಿರುವ ಜಾಗದಲ್ಲಿ ಎಂಬುದು ಅವನಿಗೆ ಹೊಳೆದದ್ದು ತಡವಾಗಿ. ಅಷ್ಟು ಹೊತ್ತಿಗೆ ಇಡೀ ಕೀಬೋರ್ಡಿನಲ್ಲಿ ಅಕ್ಕನಿಗೆ ಉಳಿದದ್ದು ಎರಡು ಕೀಲಿ.

ಡಾಕ್ಟರು ನರಗಳ ಚಿತ್ರ ಬರೆದು ತೋರಿಸಿದ್ದರು. ಮಿದುಳು ಹೇಳಿದ್ದು ಬೆರಳಿಗೆ ಮುಟ್ಟುವ ದಾರಿ ಸವೆಯುತ್ತಿದೆ. ಸವೆದದ್ದು ಮತ್ತೆ ಬರುವುದಿಲ್ಲ. ಅಕ್ಕ ಅಂಗಿ ಸರಿಮಾಡಿಕೊಳ್ಳುತ್ತಿದ್ದಾಗ ತಮ್ಮನನ್ನು ಬಾಗಿಲ ಹತ್ತಿರ ಕರೆದು, "ಕೆಲಸ ಮಾಡ್ಕೊಂಡಿರ್ಲಿ. ಧೈರ್ಯ ಕೆಡಿಸ್ಬೇಡಿ," ಎಂದಿದ್ದರು. ಔಷಧಿ ಏನೆಂದು ತಮ್ಮ ಕೇಳಿದ. "ಅದೇ," ಎಂದರು ಡಾಕ್ಟರು.

ಅಕ್ಕ, ತಮ್ಮ ಇಬ್ಬರಿಗೂ ಒಂದು ಸ್ವಂತ ಅಳತೆಯಿತ್ತು. ಕಣ್ಣು ಒಮ್ಮೆ ಮಿಟುಕುವಷ್ಟು ಹೊತ್ತು ಎಂದರೆ ಒಂದು ರೆಪ್ಪೆ. ಮಾತು ಅರ್ಧ ರೆಪ್ಪೆ ತಡವಾಗಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದಾದರೆ ಏನೋ ಕಿರಿಕಿರಿ. ಎರಡಾದರೆ ತುಟಿಯೊಂದು ದಾರಿ, ಮಾತೊಂದು ದಾರಿ. ಒಂದು ಮಧ್ಯಾಹ್ನ ಸ್ಟುಡಿಯೋದಿಂದ ಅಕ್ಕನ ರೀಲು ವಾಪಸು ಬಂತು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಮೇಲ್ವಿಚಾರಕಿ ಫೋನು ಮಾಡಿದಾಗ ಅಕ್ಕ ನೀರು ಕುಡಿಯಲು ಎದ್ದಿದ್ದಳು, ಎತ್ತಿಕೊಂಡವನು ತಮ್ಮ.

"ಮಾತೆಲ್ಲ ಒಂದೊಂದು ರೆಪ್ಪೆ ತಡ ಬೀಳ್ತಿದೆ. ನಿಮ್ಮಕ್ಕನ ಭಾಷೇಲೇ ಹೇಳ್ತಿದೀನಿ, ಬೇಜಾರಾಗ್ಬೇಡಿ. ಇನ್ನೊಂದು ರೀಲು ಹಿಂಗೇ ಬಂದ್ರೆ ನಾನು ಬೇರೆಯವ್ರಿಗೆ ಕೊಡ್ಬೇಕಾಗುತ್ತೆ. ಮೇಲಿನವ್ರಿಗೆ ಉತ್ತರ ಹೇಳೋಳು ನಾನು."

ಅಕ್ಕ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಬಂದು, "ಯಾರದು?" ಎಂದಳು.

"ಯಾರೋ. ರಾಂಗ್ ನಂಬರ್."

ಆ ಮಧ್ಯಾಹ್ನವೇ ತಮ್ಮ ಸ್ಪೇಸ್ ಕೀಲಿಯ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ. ಅಕ್ಕ ಒತ್ತಿದ ಹೊತ್ತನ್ನು ಹಾಗೆಯೇ ಬರೆದುಕೊಳ್ಳಬೇಡ, ಒಂದು ರೆಪ್ಪೆ ಕಳೆದು ಬರೆದುಕೋ. ಅಷ್ಟೇ. ಅಕ್ಕನ ತಡ ಏರುಪೇರಿನದಲ್ಲ, ಒಂದೇ ಸಮನಾಗಿತ್ತು, ತಪ್ಪಿನಲ್ಲೂ ಅಚ್ಚುಕಟ್ಟು. ಕಳೆದರೆ ಸರಿಹೋಗುತ್ತಿತ್ತು. ವಾಪಸು ಬಂದ ರೀಲನ್ನೂ ಅಕ್ಕನಿಗೆ ತಿಳಿಯದಂತೆ ಹಾಗೆಯೇ ಹಿಂದಕ್ಕೆಳೆದು ಕಳಿಸಿಬಿಟ್ಟ. ಎಡಿಟರ್ ಎಂದಿನಂತೆ ಎದುರು ಮಾತಾಡಲಿಲ್ಲ.

ಸಂಜೆ ಅಕ್ಕ ತಾನು ಕೂರಿಸಿದ ದೃಶ್ಯ ಓಡಿಸಿ ನೋಡಿದಳು. ಹುಬ್ಬು ಏರಿತು.

"ಲೋ, ಇಲ್ನೋಡು. ಒತ್ತೋವಾಗ ಬೆರಳು ಎಲ್ಲೋ ಕೆಸರಲ್ಲಿ ಹೂತ ಹಾಗೆ ಅನ್ಸುತ್ತೆ. ಆದ್ರೆ ಮಾತು ಸರಿಯಾಗೇ ಬಿದ್ದಿದೆ! ಅಂದ್ರೆ ತಡ ಅನ್ನೋದು ನನ್ನ ತಲೇಲಿ ಮಾತ್ರ, ಅಲ್ವಾ?"

"ತಲೇಲೇ," ಎಂದ ತಮ್ಮ. "ನಿನ್ನ ತಲೆ ಮೊದಲಿಂದ್ಲೂ ಅಷ್ಟಕ್ಕಷ್ಟೇ."

ಅವಳು ಕೈಗೆ ಸಿಕ್ಕ ದಿಂಬು ಎಸೆದಳು. ದಿಂಬು ಅವನ ತನಕ ಬರಲಿಲ್ಲ.

ಒಂದು ರೆಪ್ಪೆ ಒಂದೂವರೆಯಾಯಿತು, ಒಂದೂವರೆ ಎರಡಾಯಿತು. ಅಕ್ಕ ಸ್ನಾನಕ್ಕೆ ಹೋದಾಗ ತಮ್ಮ ಆ ದಿನದ ಕೆಲಸ ತೆರೆದು ಎಷ್ಟು ಕಳೆಯಬೇಕೆಂದು ನೋಡುತ್ತಿದ್ದ, ಜ್ವರ ಅಳೆಯುವವನ ಹಾಗೆ. ಮೆಟ್ಟಿಲು ಹತ್ತುವಾಗ ಅಕ್ಕನ ಕಾಲಿನಿಂದ ಚಪ್ಪಲಿ ಜಾರುವುದನ್ನೂ ಕಂಡಿದ್ದ. ಕಂಡೂ ಕಾಣದವನಂತೆ ಎತ್ತಿಕೊಟ್ಟಿದ್ದ. ಆದರೆ ಅಕ್ಕ ಮಾತ್ರ ಅರಳುತ್ತಿದ್ದಳು. ರೀಲುಗಳು ವಾಪಸು ಬರುತ್ತಿರಲಿಲ್ಲ. "ಡಾಕ್ಟರಿಗೇನು ಗೊತ್ತು? ನನ್ನ ಕೈ ನನಗೆ ಗೊತ್ತಿಲ್ವಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಎಂದು ಅಮ್ಮನ ಮುಖಕ್ಕೆ ಮುಖ ಕೊಟ್ಟು ಹೇಳಿದಳು. ಅಮ್ಮ ತುಟಿ ಓದಿ ಅವಳ ಕೆನ್ನೆ ಸವರಿದಳು. ಕನ್ನಡಿಯನ್ನೇ ತಿರುಚಿಟ್ಟವನು ಪಕ್ಕದಲ್ಲಿ ತಟ್ಟೆ ನೋಡುತ್ತ ಉಣ್ಣುತ್ತಿದ್ದ.

ಆಗ ಬಂತು ನಾಟಕ.

ಮೇಲ್ವಿಚಾರಕಿ ಮನೆಗೇ ಬಂದಿದ್ದಳು, ಸಡಗರದಿಂದ. ದೊಡ್ಡ ರಂಗಮಂದಿರದಲ್ಲಿ ಒಂದು ದರ್ಜಿಯ ಕಥೆಯ ನಾಟಕ. ರಂಗದ ಮೇಲೊಂದು ಉದ್ದ ಪರದೆ. ಕಿವುಡರ ಸಂಘದವರನ್ನೆಲ್ಲ ಮುಂದಿನ ಸಾಲುಗಳಿಗೆ ಕರೆದಿದ್ದಾರೆ. ಮಾತುಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ, ನಟರು ಬಾಯಿ ತೆರೆದಂತೆ ಒಂದೊಂದೇ ಸಾಲನ್ನು ಒತ್ತಿ ಬಿಡಬೇಕು, ಅಲ್ಲೇ, ಆಗಲೇ. "ಕೆಲವು ವಾರದ ಹಿಂದೆ ನಿಮ್ಮ ಹೆಸರು ಹೇಳೋಕೆ ಹಿಂದೆಮುಂದೆ ನೋಡ್ತಿದ್ದೆ. ಈಗ ನಿಮ್ಮನ್ನ ಬಿಟ್ಟು ಯಾರಿದಾರೆ ಹೇಳಿ? ಕೈ ಅಂದ್ರೆ ಕೈ!"

ಅಕ್ಕ ಕೇಳಿದ್ದು ಒಂದೇ. "ಅಮ್ಮನ್ನ ಮುಂದಿನ ಸಾಲಲ್ಲಿ ಕೂರಿಸ್ತೀರಾ?"

ತಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆಗಿಹೋದ ಹೊತ್ತಿನಲ್ಲಿ ಎರಡು ರೆಪ್ಪೆ ಕಳೆಯಬಹುದು; ಆಗುತ್ತಿರುವ ಹೊತ್ತಿನಲ್ಲಿ ಏನನ್ನು ಕಳೆಯುವುದು?

"ಬೇಡ ಅಕ್ಕ," ಎಂದ, ಮೇಲ್ವಿಚಾರಕಿ ಹೋದ ಮೇಲೆ.

"ಯಾಕೆ?"

"ಅಷ್ಟು ಜನ. ಸುಸ್ತಾಗುತ್ತೆ."

"ಕೂತು ಒತ್ತೋದಕ್ಕೆ ಸುಸ್ತಾ? ನೀನು ಹೊಟ್ಟೆಕಿಚ್ಚು ಪಡ್ತಿದೀಯ. ಕೈ ನನ್ನದು, ಚಪ್ಪಾಳೆ ನನಗೆ ಬೀಳುತ್ತಲ್ಲಾ ಅಂತ."

ಆಗಲೇ ಹೇಳಿಬಿಡಬಹುದಿತ್ತು. ಹೇಳುವುದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಬಣ್ಣ ಬಂದಿತ್ತು, ಡಾಕ್ಟರರ "ಅದೇ" ಎಂಬ ಮಾತು ಕಿವಿಯಲ್ಲಿತ್ತು. ಅವನು ಎಡಿಟರ್ ತೆರೆದು ಕೂತ. ಯಾವ ಸಮಸ್ಯೆಗೂ ಅದರಲ್ಲಿ ಒಂದು ದಾರಿ ಇದ್ದೇ ಇರುತ್ತದೆ ಎಂದು ನಂಬಿದವನು ಅವನು. ಬರೆದ, ಅಳಿಸಿದ. ನಟರನ್ನೇ ಎರಡು ರೆಪ್ಪೆ ತಡಮಾಡಿಸುವ ಕೀಲಿ ಇದ್ದರೆ ಎಂದು ಯೋಚಿಸಿ ತನ್ನಷ್ಟಕ್ಕೆ ಹುಚ್ಚನಂತೆ ನಕ್ಕ. ಅಕ್ಕ ಮಾತ್ರ ತಾಲೀಮಿನ ವಿಡಿಯೋ ಹಾಕಿಕೊಂಡು, ಎಂದಿನಂತೆ ಮೊದಲು ಒತ್ತಿ, ಆಮೇಲೆ ಓಡಿಸಿ ನೋಡಿ, ಎಲ್ಲ ಸರಿಯಾಗಿ ಬಿದ್ದಿದೆ ಎಂದು ತೃಪ್ತಿಪಟ್ಟಳು. ರಂಗಮಂದಿರದಲ್ಲಿ ಹಿಂದಿನ ದಿನ ನೋಡಿದ್ದು ಪರದೆಯ ಬೆಳಕು, ಅಕ್ಷರದ ಗಾತ್ರ, ಅಷ್ಟೇ.

ನಾಟಕ ಮಧ್ಯಾಹ್ನ ಶುರುವಾಯಿತು. ಅಕ್ಕ, ತಮ್ಮ ಇಬ್ಬರೂ ಹಿಂಬದಿಯ ಗಾಜಿನ ಗೂಡಿನಲ್ಲಿ. ಅಲ್ಲಿಂದ ಇಡೀ ಸಭಾಂಗಣದ ತಲೆಗಳು ಕಾಣುತ್ತಿದ್ದವು. ಮುಂದಿನ ಸಾಲಿನಲ್ಲಿ ಅಮ್ಮನ ನರೆತ ತುರುಬು. ಅಕ್ಕ ಸ್ಪೇಸ್ ಕೀಲಿಯ ಮೇಲೆ ತೋರುಬೆರಳಿಟ್ಟು, "ಅಮ್ಮ ಇಲ್ಲಿಂದ್ಲೇ ಕಾಣಿಸ್ತಾಳೆ ಕಣೋ," ಎಂದಳು.

ದರ್ಜಿ ಬಂದ. ಗಿರಾಕಿಯ ಹೊಟ್ಟೆಯ ಅಳತೆ ತೆಗೆಯುತ್ತ, "ಸ್ವಾಮಿ, ನನ್ನ ಹತ್ರ ಇರೋದು ಒಂದೇ ಟೇಪು!" ಎಂದ. ಹಿಂದಿನ ಸಾಲುಗಳು ಗೊಳ್ಳೆಂದವು. ಆ ನಗು ತಗ್ಗುತ್ತ ಬಂದಾಗ, ದರ್ಜಿ ಮುಂದಿನ ಮಾತಿಗೆ ಬಾಯಿ ತೆರೆದಾಗ, ಮುಂದಿನ ಸಾಲುಗಳು ನಕ್ಕವು.

ಅಕ್ಕ ತಲೆಯೆತ್ತಿದಳು.

ಎರಡನೆಯ ನಗೆಮಾತು. ಹಿಂದೆ ನಗು. ಆಮೇಲೆ ಮುಂದೆ ನಗು. ಸಭಾಂಗಣದಲ್ಲಿ ಗೆರೆ ಎಳೆದ ಹಾಗೆ. ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿ, ಇವರಿಗೇನಾಯಿತು ಎಂದು ನೋಡತೊಡಗಿದರು. ಮೂರನೆಯ ಸಲ ದರ್ಜಿಯ ಪಾತ್ರದವನು ಮಾತು ಮುಂದುವರಿಸಲೋ, ಇವರ ನಗು ನಿಲ್ಲಲೆಂದು ಕಾಯಲೋ ತಿಳಿಯದೆ ಟೇಪು ಹಿಡಿದು ನಿಂತ. ಅಕ್ಕನ ಕಣ್ಣು ರಂಗದಿಂದ ಪರದೆಗೆ, ಪರದೆಯಿಂದ ತನ್ನ ಬೆರಳಿಗೆ ಹೋಗಿ ಬರುತ್ತಿತ್ತು. ಹೆದರಿಕೆಗೆ ಬೆರಳು ಇನ್ನೂ ಭಾರವಾಯಿತು.

ಮಧ್ಯಂತರಕ್ಕೆ ದೀಪ ಹತ್ತಿದಾಗ ಅವಳು ಕೇಳಿದಳು, "ಎಷ್ಟು?"

"ಏನು ಎಷ್ಟು?"

"ನನ್ನ ಹತ್ರ ಕಾಲುದಾರಿ ಹಿಡೀಬೇಡ. ಎಷ್ಟು ಕಳೀತಿದ್ದೆ?"

"ಎರಡು ರೆಪ್ಪೆ." ಅವನು ಕೀಬೋರ್ಡಿನತ್ತ ನೋಡಿದ. "ಮೊದಲು ಒಂದಿತ್ತು."

"ರಾಂಗ್ ನಂಬರ್ ಬಂದಾಗಿಂದಾನಾ?"

ಅವನು ತಲೆಯಾಡಿಸಿದ. ಬಯ್ಯುತ್ತಾಳೆ ಎಂದುಕೊಂಡಿದ್ದ, ಬಯ್ದಿದ್ದರೆ ಎಷ್ಟೋ ಸುಖವಿತ್ತು. ಅಕ್ಕ ಸುಮ್ಮನೆ ಬೆರಳನ್ನು ಕೀಲಿಯ ಮೇಲಿಂದ ಎತ್ತಿ, ಕನ್ನಡಕ ಒರೆಸುವವಳ ಹಾಗೆ ಸೆರಗಿನಲ್ಲಿ ಒರೆಸಿದಳು.

"ನಾನು ಒತ್ತಲಾ ಅಕ್ಕ?"

"ನಿಂಗೆ ನಾಟಕ ಗೊತ್ತಾ? ಎಲ್ಲಿ ಉಸಿರು ತಗೋತಾರೆ, ಎಲ್ಲಿ ತಗೊಳ್ಳಲ್ಲ ಅಂತ ಗೊತ್ತಾ?" ಎಂದಳು. ಮತ್ತೆ ಕೀಲಿಯ ಮೇಲೆ ಬೆರಳಿಟ್ಟು, "ನಂಗೆ ಗೊತ್ತು. ಅವ್ರು ಬಾಯಿ ತೆರೆಯೋಕೆ ಮೊದ್ಲೇ ಒತ್ತೀನಿ. ಎರಡು ರೆಪ್ಪೆ ತಾನೇ? ನಾನೇ ಕಳ್ಕೊತೀನಿ."

ಸ್ವಲ್ಪ ಹೊತ್ತು ನಡೆಯಿತು ಕೂಡ. ನಟ ಉಸಿರೆಳೆದುಕೊಳ್ಳುವುದನ್ನು ಕಂಡೇ ಅವಳು ಒತ್ತಲು ಶುರುಮಾಡುತ್ತಿದ್ದಳು, ಮಾತು ತುಟಿಗೆ ಬರುವ ಹೊತ್ತಿಗೆ ಸಾಲು ಪರದೆಗೆ ಬರುತ್ತಿತ್ತು. ನಗು ಒಂದು ಸಲ ಒಂದಾಗಿ ಎದ್ದಿತು. ತಮ್ಮ ಅಕ್ಕನ ಮುಖ ನೋಡಿದ. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ದರ್ಜಿ ಸೂಜಿಗೆ ದಾರ ಪೋಣಿಸಲಾರದೆ, "ಇದರ ಕಣ್ಣು ನನ್ನ ಕಣ್ಣಿಗಿಂತ ಚಿಕ್ಕದಾಯ್ತಲ್ಲೇ!" ಎಂದು ಮಗಳ ಕಡೆ ತಿರುಗುತ್ತಾನೆ. ಬಾಗಿಲಲ್ಲಿ ನಿಂತ ಮಗಳು ತಡವಿಲ್ಲದೆ, ಉಸಿರೂ ಬಿಡದೆ, "ಅಪ್ಪಾ, ಅಮ್ಮ ಹೋಗ್ಬಿಟ್ಲು," ಎನ್ನುತ್ತಾಳೆ. ನಾಟಕದ ಜೀವವೆಲ್ಲ ಈ ಎರಡು ಮಾತುಗಳ ನಡುವೆ ಸಂದಿಲ್ಲದಿರುವುದರಲ್ಲಿತ್ತು.

ಅಕ್ಕ ಮೊದಲೇ ಒತ್ತಿದಳು. ಬೆರಳು ಇಳಿಯಲಿಲ್ಲ. ಅವಳು ಒತ್ತುತ್ತಲೇ ಇದ್ದಳು, ತಮ್ಮ ಪಕ್ಕದಲ್ಲೇ ಕೂತು ನೋಡುತ್ತಿದ್ದ, ಬೆರಳು ಬೇರೆ ಯಾರದೋ ಎಂಬಂತೆ ಕೀಲಿಯ ಮೇಲೆ ಸುಮ್ಮನಿತ್ತು. ದರ್ಜಿ ಹೇಳಿ ಮುಗಿಸಿದ. ಮಗಳು ಹೇಳಿ ಮುಗಿಸಿದಳು. ಹಿಂದಿನ ಸಾಲುಗಳು ಸ್ತಬ್ಧ. ಆಗ ಕೀಲಿ ಇಳಿಯಿತು, ಸೂಜಿಯ ಮಾತು ಪರದೆಗೆ ಬಂತು, ಮತ್ತು ಸಾವಿನ ಆ ಮೌನದೊಳಗೆ ಮುಂದಿನ ಸಾಲುಗಳು ಮನಸಾರೆ ನಕ್ಕವು.

ಮಗಳ ಪಾತ್ರದವಳು ಬಾಗಿಲು ಹಿಡಿದುಕೊಂಡು ನಿಂತುಬಿಟ್ಟಳು. ಹಿಂದಿನಿಂದ ಯಾರೋ "ಶ್!" ಎಂದರು. ಯಾರಿಗೆ ಕೇಳಿಸಬೇಕು? ಅಮ್ಮನ ತುರುಬು ನಗುವಿಗೆ ಕುಲುಕುತ್ತಿದ್ದುದು ಗಾಜಿನಾಚೆ ಚೆನ್ನಾಗಿ ಕಾಣುತ್ತಿತ್ತು.

ಅಕ್ಕ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು, ಮಲಗಿದ ಮಗುವನ್ನು ಇಟ್ಟುಕೊಳ್ಳುವ ಹಾಗೆ. "ಒತ್ತು," ಎಂದಳು.

ಉಳಿದದ್ದನ್ನು ತಮ್ಮ ಒತ್ತಿದ. ಅವನಿಗೆ ನಾಟಕ ಗೊತ್ತಿರಲಿಲ್ಲ. ಆದರೂ ಮಾತುಗಳು ಸುಮಾರಾಗಿ ಸರಿಯಾಗಿಯೇ ಬಿದ್ದವು. ಇಷ್ಟು ವರ್ಷದ ವಿದ್ಯೆಗಿಂತ ನೆಟ್ಟಗಿರುವ ಒಂದು ಬೆರಳೇ ಸಾಕಾಯಿತು ಎಂಬುದನ್ನು ಇಬ್ಬರೂ ಕಂಡರು. ಮೇಲ್ವಿಚಾರಕಿ ಕೊನೆಗೆ ಗೂಡಿನ ಬಾಗಿಲಿಗೆ ಬಂದವಳು, ಅಕ್ಕನ ಮಡಿಲು ನೋಡಿ, ಅಕ್ಕನ ಚಪ್ಪಲಿಯನ್ನು ಕಾಲಿನ ಹತ್ತಿರಕ್ಕೆ ಸರಿಸಿಟ್ಟು ಹೋದಳು.

ಅಮ್ಮ ಮಾತ್ರ ದಾರಿಯುದ್ದಕ್ಕೂ ಖುಷಿಯಲ್ಲಿದ್ದಳು. "ಒಳ್ಳೇ ನಾಟಕ. ಒಂದು ಕಡೆ ನಾವು ನಗಬಾರದಿತ್ತು ಅನ್ಸುತ್ತೆ, ಎಲ್ರೂ ತಿರುಗಿ ನೋಡಿದ್ರು. ಪರವಾಗಿಲ್ಲ ಬಿಡಿ. ಮೊದ್ಲೆಲ್ಲ ನಾನು ಯಾವಾಗ್ಲೂ ತಡವಾಗೇ ನಗ್ತಿದ್ದೆ. ಮಧ್ಯದಲ್ಲಿ ಅಭ್ಯಾಸ ತಪ್ಪಿತ್ತು, ಅಷ್ಟೇ."

ಮರುದಿನ ಬೆಳಿಗ್ಗೆ ಅಕ್ಕ ತಮ್ಮನನ್ನು ಎಬ್ಬಿಸಿ ಕಂಪ್ಯೂಟರಿನ ಮುಂದೆ ಕೂರಿಸಿದಳು. "ಆ ಸಾಲು ತೆಗಿ."

"ಅಕ್ಕ, ಕಾಲಿಂದ ಒತ್ತೋ ಪೆಡಲ್ ಬರುತ್ತೆ. ನಾನು ಅದಕ್ಕೆ..."

"ಕಾಲೂ ಕೈ ಹಿಡಿದ ದಾರೀನೇ ಹಿಡಿದಿದೆ. ಚಪ್ಪಲಿ ಎತ್ತಿಕೊಡೋನು ನೀನೇ ಅಲ್ವಾ? ನಿಂಗೆ ಗೊತ್ತಿಲ್ವಾ?"

"ಹಾಗಾದ್ರೆ ಗದ್ದ. ಗದ್ದದಿಂದ ಒತ್ತೋ ಹಾಗೆ..."

"ಸೊನ್ನೆ ಮಾಡು."

ಅವನು ಎರಡನ್ನು ಅಳಿಸಿ ಸೊನ್ನೆ ಬರೆದ. ಅಕ್ಕ ಹಳೆಯ ನಗೆಚಿತ್ರವೊಂದರ ದೃಶ್ಯ ಓಡಿಸಿ, ಒಂದೊಂದೇ ಸಾಲನ್ನು ಒತ್ತಿದಳು. ತೋಳನ್ನೇ ಎತ್ತಿ ಇಳಿಸುತ್ತಿದ್ದಳು. ಆಮೇಲೆ ಅಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, "ಹಾಕು," ಎಂದಳು.

ಪರದೆಯಲ್ಲಿ ಒಬ್ಬ ಹೆಂಗಸು ಬಾಯಿ ತೆರೆದಳು. ಮುಚ್ಚಿದಳು. ಆಮೇಲೆ ಮಾತು ಬಂತು.

"ಎಷ್ಟು?" ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಸುಳ್ಳು ಬಾಯಿಗೆ ಬಂದಿತ್ತು, ಅಭ್ಯಾಸಬಲ. ಅವನು ಅದನ್ನು ನುಂಗಿದ. "ಐದು."

"ನಿನ್ನೆ ಎರಡು ಅಂದಿದ್ದೆ."

"ಹೂಂ."

ನಗೆಮಾತು ಬಂದು ಹೋಯಿತು. ಚಿತ್ರದಲ್ಲಿ ಎಲ್ಲರೂ ನಕ್ಕು ಮುಗಿಸಿದರು. ಅಮ್ಮ ಸಾಲು ಮೂಡುವುದನ್ನೇ ಕಾದಿದ್ದು, ಓದಿಕೊಂಡು, ಬಾಯಿಗೆ ಸೆರಗು ಹಿಡಿದು ನಕ್ಕಳು. ಅಕ್ಕ ಅಮ್ಮನ ಮುಖ ನೋಡುತ್ತಿದ್ದಳು. ಒಂದು ಗಳಿಗೆ ತಡವಾಗಿ, ತಾನೂ ನಕ್ಕಳು.

ಎಡಿಟರ್ ಕೆಳಗಿನ ಸಾಲಿನಲ್ಲಿ ತಮ್ಮನನ್ನು ಕೇಳುತ್ತಿತ್ತು, ಸೊನ್ನೆ ಮಾಡಿದ ಬದಲಾವಣೆ ಉಳಿಸಬೇಕೇ, ಹೌದೋ ಅಲ್ಲವೋ. ಅವನ ಹತ್ತೂ ಬೆರಳುಗಳು ಕೀಬೋರ್ಡಿನ ಮೇಲೆ ನೆಟ್ಟಗಿದ್ದವು. ಒಂದೂ ಏಳಲಿಲ್ಲ.